ಫುಟಿ ಪಂದ್ಯಕ್ಕೆ ಮುನ್ನ: ಯಾರ ಮೇಲೆ ಯಾರು ಎಂದು ಚರ್ಚಿಸುವುದು ಹೇಗೆ?

ಕನ್ನಡದ ಓದುಗರಿಗೆ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಎಂದೊಡನೆ ನೆನಪಾಗುವುದು ಬಾಕ್ಸಿಂಗ್ ಡೇ ಟೆಸ್ಟ್. ಆದರೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೈದಾನ ಕ್ರಿಕೆಟ್ಟಿನದಲ್ಲ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನದು. ಅಲ್ಲಿನವರ ಬಾಯಲ್ಲಿ ಅದು ಬರಿಯ ಫುಟಿ. ಗುರುವಾರ ಸಂಜೆಯ ಹೊತ್ತಿಗೆ ತಂಡಗಳ ಪಟ್ಟಿ ಹೊರಬೀಳುತ್ತದೆ. ಶುಕ್ರವಾರ ಬೆಳಿಗ್ಗೆ ಟ್ರಾಮ್‌ನಲ್ಲೂ ಕಚೇರಿಯಲ್ಲೂ ಮಾತು ಅದೇ. ಮೆಲ್ಬರ್ನ್, ಅಡಿಲೇಡ್, ಪರ್ತ್‌ಗಳಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರು ಈ ಮಾತಿನ ನಡುವೆ ಸುಮ್ಮನೆ ನಿಂತಿರುತ್ತಾರೆ. ಆಟ ನೋಡಿರುತ್ತಾರೆ, ಒಂದು ತಂಡವನ್ನೂ ಆರಿಸಿಕೊಂಡಿರುತ್ತಾರೆ. ಆದರೆ ‘ಈ ಸಲ ಗೆಲ್ಲುವುದು ನಾವೇ’ ಎಂಬುದರಿಂದ ಮುಂದಕ್ಕೆ ಮಾತು ಹೋಗುವುದಿಲ್ಲ.

ಗೆಲ್ಲುವವರು ಯಾರು ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದದ್ದು, ಯಾರ ಮೇಲೆ ಯಾರು ನಿಲ್ಲುತ್ತಾರೆ ಮತ್ತು ಅವರನ್ನು ಅಲ್ಲಿ ನಿಲ್ಲಿಸಿದ್ದರಿಂದ ಬೇರೆಲ್ಲಿ ಏನು ಖಾಲಿಯಾಗುತ್ತದೆ ಎಂಬುದು. ಕಬಡ್ಡಿ ಬಲ್ಲವರಿಗೆ ಇದು ಹೊಸದಲ್ಲ. ಇಂಥ ರೈಡರ್ ಬಂದಾಗ ಎಡ ಮೂಲೆಯಲ್ಲಿ ಯಾರಿರಬೇಕು ಎಂದು ನಮ್ಮೂರುಗಳಲ್ಲಿ ಪಂದ್ಯದ ಹಿಂದಿನ ರಾತ್ರಿ ತಾಸುಗಟ್ಟಲೆ ಮಾತಾಡುತ್ತಾರೆ. ಫುಟಿಯಲ್ಲೂ ಅದೇ ಲೆಕ್ಕ, ಮೈದಾನ ಮಾತ್ರ ಬಹಳ ದೊಡ್ಡದು.

ಮುಂದಿನ ಹೆಜ್ಜೆಗಳಿಗೆ ಉದಾಹರಣೆಯಾಗಿ ಬಹುಪಾಲು ಒಂದೇ ಪಂದ್ಯವನ್ನು ಇಟ್ಟುಕೊಳ್ಳುತ್ತೇನೆ: 2023ರ ಸೆಪ್ಟೆಂಬರ್ 30ರಂದು ಎಂಸಿಜಿಯಲ್ಲಿ 1,00,024 ಪ್ರೇಕ್ಷಕರ ಮುಂದೆ ಕಾಲಿಂಗ್‌ವುಡ್ ಮತ್ತು ಬ್ರಿಸ್ಬೇನ್ ಆಡಿದ ಗ್ರ್ಯಾಂಡ್ ಫೈನಲ್, ಅಂದರೆ ವರ್ಷದ ಪ್ರಶಸ್ತಿ ತೀರ್ಮಾನಿಸುವ ಪಂದ್ಯ. ಕಾಲಿಂಗ್‌ವುಡ್ ಗೆದ್ದದ್ದು ನಾಲ್ಕೇ ಅಂಕಗಳಿಂದ. ಪಂದ್ಯಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳೆಲ್ಲ ಆ ಒಂದು ಪಂದ್ಯದಲ್ಲಿ ಇದ್ದವು.

ಆಟ ತೀರ ಹೊಸದಾಗಿರುವವರಿಗೆ ನಾಲ್ಕು ಮಾತು. ಮೊಟ್ಟೆಯಾಕಾರದ ಮೈದಾನದಲ್ಲಿ ಒಂದೊಂದು ತಂಡದಿಂದ 18 ಮಂದಿ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದು ಅಂಕ. ಕನಿಷ್ಠ 15 ಮೀಟರ್ ಹಾರಿ ಬಂದ ಒದೆತವನ್ನು ನೆಲಕ್ಕೆ ಬೀಳದಂತೆ ಹಿಡಿದರೆ ಅದು ಮಾರ್ಕ್, ಹಿಡಿದವನಿಗೆ ನಿಶ್ಚಿಂತೆಯಿಂದ ಒದೆಯುವ ಅವಕಾಶ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಆಫ್‌ಸೈಡ್ ಇಲ್ಲ. ಯಾರು ಬೇಕಾದರೂ ಎಲ್ಲಿ ಬೇಕಾದರೂ ನಿಲ್ಲಬಹುದಾದ್ದರಿಂದಲೇ ಯಾರ ಪಕ್ಕದಲ್ಲಿ ಯಾರು ಎಂಬುದು ಈ ಆಟದಲ್ಲಿ ಇಷ್ಟು ತೂಕ ಪಡೆಯುತ್ತದೆ.

ಹೆಜ್ಜೆ 1: ಪಟ್ಟಿಯನ್ನು ಅನುಮಾನದಿಂದ ಓದಿ

ಪತ್ರಿಕೆಯಲ್ಲಿ ತಂಡ ಅಚ್ಚಾಗುವುದು ಆರು ಸಾಲುಗಳಲ್ಲಿ: ಬ್ಯಾಕ್, ಹಾಫ್ ಬ್ಯಾಕ್, ಸೆಂಟರ್, ಹಾಫ್ ಫಾರ್ವರ್ಡ್, ಫಾರ್ವರ್ಡ್, ಕೊನೆಗೆ ಚೆಂಡಿನ ಹಿಂದೆ ಎಲ್ಲೆಡೆ ಓಡುವ ಫಾಲೋವರ್ಸ್. ಸಾಲಿಗೆ ಮೂವರಂತೆ 18, ಅದರ ಕೆಳಗೆ ಬೆಂಚಿನವರು. ಒಟ್ಟು 23 ಹೆಸರು. ಈ ಸಾಲುಗಳನ್ನು ಹಾಗೆಯೇ ನಂಬಬೇಡಿ. ಹಾಫ್ ಫಾರ್ವರ್ಡ್ ಎಂದು ಬರೆದವನು ಮೊದಲ ನಿಮಿಷದಲ್ಲೇ ನಡು ಮೈದಾನದಲ್ಲಿರಬಹುದು. ಬೆಂಚಿನಲ್ಲಿ ಹೆಸರಿರುವವರು ಉಳಿದವರಿಗಿಂತ ಕಡಿಮೆ ಆಡುತ್ತಾರೆಂದೂ ಅಲ್ಲ.

ನೋಡಬೇಕಾದದ್ದು ಒಳಗೆ ಬಂದವರನ್ನು ಮತ್ತು ಹೊರಗೆ ಹೋದವರನ್ನು. 2023ರ ಫೈನಲ್‌ಗೆ ಕಾಲಿಂಗ್‌ವುಡ್ ತನ್ನ ಎತ್ತರದ ಫಾರ್ವರ್ಡ್ ಡ್ಯಾನ್ ಮೆಕ್‌ಸ್ಟೇಯನ್ನು ಕಳೆದುಕೊಂಡಿತ್ತು. ಸೆಮಿಫೈನಲ್‌ಗೆ ಸಮನಾದ ಪ್ರಿಲಿಮಿನರಿ ಫೈನಲ್‌ನಲ್ಲಿ ಅವನ ಮೊಣಕಾಲಿಗೆ ಪೆಟ್ಟಾಗಿತ್ತು. ಬದಲಿಗೆ ಬಂದವನು ಬಿಲ್ಲಿ ಫ್ರಾಂಪ್ಟನ್. ಹೆಸರು ಮಾತ್ರ ನೋಡಿದವರು ‘ಗೋಲ್ ಹೊಡೆಯುವವನು ಹೋದ, ಹೊಡೆಯದವನು ಬಂದ, ತಂಡ ಸೊರಗಿತು’ ಎಂದರು. ಸ್ವಲ್ಪ ಯೋಚಿಸಿದವರು ಕೇಳಿದ್ದು ಬೇರೆ ಪ್ರಶ್ನೆ: ಇವನನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತಾರೆ? ಉತ್ತರ ನಾಲ್ಕನೆಯ ಹೆಜ್ಜೆಯಲ್ಲಿದೆ.

ಪಂದ್ಯ ಶುರುವಾಗುವ ಮುನ್ನ ಕೊನೆಯ ಗಳಿಗೆಯ ಬದಲಾವಣೆಗಳೂ ಆಗುತ್ತವೆ. ಶುಕ್ರವಾರ ಕಟ್ಟಿದ ವಾದವನ್ನು ಶನಿವಾರ ಮಧ್ಯಾಹ್ನ ಇನ್ನೊಮ್ಮೆ ಪಟ್ಟಿಗೆ ಹೊಂದಿಸಿ ನೋಡಿಕೊಳ್ಳಿ.

ಹೆಜ್ಜೆ 2: ಮೈದಾನ ಯಾವುದು, ಹವೆ ಹೇಗಿದೆ?

ಫುಟಿ ಮೈದಾನಗಳಿಗೆ ಒಂದೇ ಅಳತೆ ಇಲ್ಲ. ಜೀಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಸುಮಾರು 170 ಮೀಟರ್ ಉದ್ದ, ಆದರೆ 115 ಮೀಟರ್ ಮಾತ್ರ ಅಗಲ. ಎಂಸಿಜಿ ಅದಕ್ಕಿಂತ ಗಿಡ್ಡ, ಆದರೆ ಎಷ್ಟೋ ಅಗಲ. ಕಿರಿದಾದ ಮೈದಾನದಲ್ಲಿ ರಕ್ಷಕರು ಒಬ್ಬರಿಗೊಬ್ಬರು ಹತ್ತಿರವಿರುತ್ತಾರೆ, ಚೆಂಡನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸಿ ಬಯಲು ಹುಡುಕುವುದು ಕಷ್ಟ. ಅಗಲವಾದ ಕಡೆ ಆ ದಾಟಿಸುವಿಕೆಯೇ ದಾಳಿಯ ಆರಂಭ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣಕ್ಕೆ ಮುಚ್ಚುವ ಚಾವಣಿ ಇದೆ. ಅಲ್ಲಿ ಗಾಳಿ ಮಳೆಗಳ ಮಾತೇ ಇಲ್ಲ, ಒಣಗಿದ ಚೆಂಡು, ವೇಗದ ಆಟ.

ಹಿಂದಿನ ಫಲಿತಾಂಶಗಳನ್ನು ಹೇಳುವಾಗ ಮೈದಾನವನ್ನು ಸೇರಿಸಿಯೇ ಹೇಳಿ. 2023ರ ಲೀಗ್ ಹಂತದಲ್ಲಿ ಬ್ರಿಸ್ಬೇನ್ ಕಾಲಿಂಗ್‌ವುಡ್‌ನ್ನು ಎರಡು ಸಲ ಸೋಲಿಸಿತ್ತು. ‘ಎರಡಕ್ಕೆ ಎರಡು, ಇನ್ನೇನು ಮಾತು’ ಎಂದವರಿದ್ದರು. ಆದರೆ ಒಂದು ಗೆಲುವು ತನ್ನದೇ ತವರಾದ ಗ್ಯಾಬಾದಲ್ಲಿ, ಇನ್ನೊಂದು ಡಾಕ್‌ಲ್ಯಾಂಡ್ಸ್‌ನಲ್ಲಿ. ಫೈನಲ್ ನಡೆದದ್ದು ಎಂಸಿಜಿಯಲ್ಲಿ, ಕಾಲಿಂಗ್‌ವುಡ್ ವರ್ಷವಿಡೀ ಆಡುವ ನೆಲದಲ್ಲಿ. ಈ ವ್ಯತ್ಯಾಸವನ್ನು ಎತ್ತಿ ತೋರಿಸಿದವನ ಮಾತಿಗೆ ತೂಕವಿರುತ್ತದೆ.

ಮಳೆ ಬರುವಂತಿದ್ದರೆ ಎತ್ತರದ ಆಟಗಾರರ ಬೆಲೆ ಇಳಿಯುತ್ತದೆ, ನೆಲಕ್ಕೆ ಬಿದ್ದ ಚೆಂಡನ್ನು ಹೆಕ್ಕುವ ಗಿಡ್ಡ ಆಟಗಾರರ ಬೆಲೆ ಏರುತ್ತದೆ. ಇಷ್ಟು ತಿಳಿದಿದ್ದರೆ ಸಾಕು.

ಹೆಜ್ಜೆ 3: ನಡು ಚೌಕದ ನಾಲ್ವರು

ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದೊಂದೂ ಒಂದು ಕ್ವಾರ್ಟರ್. ಪ್ರತಿ ಕ್ವಾರ್ಟರಿನ ಆರಂಭದಲ್ಲಿ ಮತ್ತು ಪ್ರತಿ ಗೋಲಿನ ನಂತರ ಆಟ ಮೈದಾನದ ಮಧ್ಯದಿಂದ ಶುರುವಾಗುತ್ತದೆ. 2019ರಿಂದ ಆ ಕ್ಷಣಕ್ಕೆ ಒಂದು ಕಟ್ಟುಪಾಡು ಇದೆ: ಹಿಂದೆ ಆರು, ಮುಂದೆ ಆರು, ನಡುವೆ ಆರು. ನಡುವಿನ ಆರರಲ್ಲಿ ನಾಲ್ವರು ಮೈದಾನದ ಮಧ್ಯದಲ್ಲಿ ಗೆರೆ ಎಳೆದ ಚೌಕದೊಳಗೆ, ಇಬ್ಬರು ಅದರ ಎರಡು ಬದಿಯ ರೆಕ್ಕೆಗಳಲ್ಲಿ. ಮುಂದಿನ ಗೋಲಿನವರೆಗೆ ಎಲ್ಲರೂ ಒಂದೆಡೆ ಗುಂಪಾಗಬಹುದು. ಆದರೆ ಈ ಒಂದು ಕ್ಷಣದಲ್ಲಿ ಮುಂದಿನ ಅಂಗಳ ತೆರೆದೇ ಇರುತ್ತದೆ. ಇಲ್ಲಿಂದ ಚೆಂಡು ಚುರುಕಾಗಿ ಹೊರಬಿದ್ದರೆ ಎದುರಾಳಿ ರಕ್ಷಕರಿಗೆ ನೆರವು ಬರುವಷ್ಟು ಹೊತ್ತು ಸಿಗುವುದಿಲ್ಲ.

ಚೌಕದ ನಾಲ್ವರಲ್ಲಿ ಒಬ್ಬ ರಕ್‌ಮನ್, ಮೇಲೆ ಹಾರಿ ಚೆಂಡನ್ನು ಬಡಿಯುವವನು. ಹೊಸ ಅಭಿಮಾನಿಗಳು ಅವನು ಎಷ್ಟು ಸಲ ಬಡಿದ ಎಂದು ಎಣಿಸುತ್ತಾರೆ. ಎಣಿಸಬೇಕಾದದ್ದು ಆ ಬಡಿತ ಯಾರ ಕೈಗೆ ಬಿತ್ತು ಎಂಬುದನ್ನು. 2023ರ ಬ್ರಿಸ್ಬೇನ್‌ನ ಆಸ್ಕರ್ ಮೆಕಿನರ್ನಿಯಂಥ ಎತ್ತರದ ರಕ್‌ಮನ್ ಇದ್ದಾಗ ಕೇಳಿ: ಅವನ ಬಡಿತವನ್ನು ಕಾದು ನಿಲ್ಲುವ ಲಾಕಿ ನೀಲ್ ಪಕ್ಕದಲ್ಲಿ ಯಾರು? ನೀಲ್ ಆ ವರ್ಷದ ಬ್ರೌನ್‌ಲೋ ಪದಕ, ಅಂದರೆ ಲೀಗ್ ಹಂತದ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕ, ಗೆದ್ದವನು. ಅವನ ಬೆನ್ನಿಗೆ ಒಬ್ಬನನ್ನು ಅಂಟಿಸಬೇಕೆ, ಅಥವಾ ನಮ್ಮವರು ನಮ್ಮ ಆಟ ಆಡಲಿ ಎಂದು ಬಿಡಬೇಕೆ?

ಹೀಗೆ ಅಂಟಿಸುವುದನ್ನು ಟ್ಯಾಗ್ ಮಾಡುವುದು ಎನ್ನುತ್ತಾರೆ, ಪಂದ್ಯಪೂರ್ವ ಚರ್ಚೆಯ ಅತಿ ಬಿಸಿಯಾದ ಭಾಗ ಇದೇ. 2023ರ ಆಗಸ್ಟ್‌ನಲ್ಲಿ ಹಾಥಾರ್ನ್ ತಂಡ ಫಿನ್ ಮೆಗಿನ್ನೆಸ್‌ನನ್ನು ಕಾಲಿಂಗ್‌ವುಡ್‌ನ ನಿಕ್ ಡೇಕೋಸ್ ಮೇಲೆ ಬಿಟ್ಟಿತು. ಒಂದು ಪಂದ್ಯದಲ್ಲಿ ಮೂವತ್ತರ ಆಸುಪಾಸು ಸಲ ಚೆಂಡು ಮುಟ್ಟುವ ಡೇಕೋಸ್‌ಗೆ ಅಂದು ದಕ್ಕಿದ್ದು ಐದೇ ಸಲ. ಹಾಥಾರ್ನ್ ಗೆದ್ದಿತು. ಡೇಕೋಸ್‌ನ ಮೊಣಕಾಲಿಗೆ ಅದೇ ಪಂದ್ಯದಲ್ಲಿ ಪೆಟ್ಟೂ ಆಗಿತ್ತು ಎಂಬುದನ್ನು ಈ ಕತೆ ಹೇಳುವವರು ಮರೆಯುತ್ತಾರೆ, ನೀವು ಮರೆಯಬೇಡಿ.

ಟ್ಯಾಗ್ ಬೇಕು ಎನ್ನುವವರಿಗೆ ನಾನು ತಪ್ಪದೆ ಕೇಳುವುದು ಇದನ್ನು: ಅದರ ಬೆಲೆ ಏನು? ಟ್ಯಾಗ್ ಮಾಡುವವನು ಚೆಂಡಿನ ಕಡೆಗಲ್ಲ, ಮನುಷ್ಯನ ಕಡೆಗೆ ನೋಡುತ್ತಿರುತ್ತಾನೆ. ನಮ್ಮ ದಾಳಿಯಲ್ಲಿ ಒಬ್ಬ ಕಡಿಮೆಯಾದ ಹಾಗೆಯೇ. ಜಾಣ ತಂಡ ಟ್ಯಾಗ್ ಆದ ಆಟಗಾರನನ್ನು ಫಾರ್ವರ್ಡ್ ಸಾಲಿಗೆ ಕಳಿಸುತ್ತದೆ. ಆಗ ನಡು ಮೈದಾನದ ಟ್ಯಾಗರ್ ಗೋಲ್ ಬಾಯಲ್ಲಿ ರಕ್ಷಕನ ಕೆಲಸ ಮಾಡಬೇಕಾಗುತ್ತದೆ, ಅದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ಹಾಗಾಗಿ ಟ್ಯಾಗ್ ಬೇಕು ಎನ್ನುವವನು ಮುಂದಿನ ಎರಡು ನಡೆಗಳನ್ನೂ ಹೇಳಬೇಕು.

ಹೆಜ್ಜೆ 4: ಎರಡೂ ತುದಿಗಳ ಜೋಡಿಗಳು

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಎದುರಾಳಿಯ ಆರು ಫಾರ್ವರ್ಡ್‌ಗಳನ್ನು ಬರೆಯಿರಿ: ಎತ್ತರದವರು, ಮಧ್ಯಮದವರು, ಗಿಡ್ಡವರು. ಬಲಕ್ಕೆ ನಿಮ್ಮ ರಕ್ಷಕರನ್ನು ಬರೆದು ಗೆರೆ ಎಳೆಯಿರಿ. ಎರಡು ಮೂರು ಗೆರೆಗಳು ತಾವಾಗಿಯೇ ಬೀಳುತ್ತವೆ. ಬೀಳದಿರುವ ಗೆರೆಯ ಬಗ್ಗೆ ಮಾತಾಡಿ. ಚರ್ಚೆಯ ತಿರುಳು ಅಲ್ಲಿದೆ.

2023ರ ಫೈನಲ್‌ಗೆ ಕಾಲಿಂಗ್‌ವುಡ್ ಕಡೆಯಿಂದ ಈ ಹಾಳೆ ಬರೆದಿದ್ದರೆ, ಜೋ ಡ್ಯಾನಿಹರ್ ಮತ್ತು ಎರಿಕ್ ಹಿಪ್‌ವುಡ್ ಎಂಬ ಇಬ್ಬರು ಎತ್ತರದವರಿಗೆ ಡಾರ್ಸಿ ಮೂರ್, ನೇಥನ್ ಮರ್ಫಿ ಸಿಗುತ್ತಿದ್ದರು. ತೊಡಕಿದ್ದದ್ದು ಚಾರ್ಲಿ ಕ್ಯಾಮರನ್ ಹತ್ತಿರ. ಗಿಡ್ಡ, ಮಿಂಚಿನ ವೇಗ, ನೆಲದ ಚೆಂಡನ್ನು ಹೆಕ್ಕಿ ಒಂದೇ ಓಟದಲ್ಲಿ ಗೋಲ್ ಮಾಡುವವನು. ಅವನಿಗೆ ಐಸಾಕ್ ಕ್ವೇನರ್ ಸಾಕೆ, ಬ್ರೇಡನ್ ಮೇನಾರ್ಡ್ ಬೇಕೆ? ಮೇನಾರ್ಡ್ ಕ್ಯಾಮರನ್‌ನ ಬೆನ್ನು ಹತ್ತಿದರೆ ಹಿಂದಿನಿಂದ ಉದ್ದನೆಯ ಒದೆತಗಳಿಂದ ದಾಳಿ ಕಟ್ಟುವ ಮೇನಾರ್ಡ್‌ನ ಕೆಲಸ ಯಾರದು? ಇಂಥ ಪ್ರಶ್ನೆಗೆ ಒಂದೇ ಸರಿಯುತ್ತರ ಇರುವುದಿಲ್ಲ, ಅದಕ್ಕೇ ಎರಡು ತಾಸು ಮಾತಾಡಬಹುದು.

ಇನ್ನು ಇನ್ನೊಂದು ತುದಿ. ಈಗಿನ ಫುಟಿಯಲ್ಲಿ ಅತಿ ಅಪಾಯಕಾರಿ ರಕ್ಷಕ, ತನ್ನ ಎದುರಾಳಿಯನ್ನು ಹಿಡಿದಿಡುವವನಲ್ಲ. ಅವನನ್ನು ಬಿಟ್ಟು ಪಕ್ಕದವನ ನೆತ್ತಿಯ ಮೇಲೆ ಬರುವ ಚೆಂಡಿಗೆ ಓಡಿಬಂದು ಹಿಡಿಯುವವನು. ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರೂಸ್ ಅಂಥವನು. ಅವನು ಸ್ವತಂತ್ರವಾಗಿ ಅಡ್ಡಾಡಿದರೆ ಎದುರಾಳಿಯ ಅರ್ಧ ದಾಳಿ ಅವನ ಕೈಯಲ್ಲೇ ಮುಗಿಯುತ್ತದೆ. ಫ್ರಾಂಪ್ಟನ್‌ನನ್ನು ಕೋಚ್ ಕ್ರೇಗ್ ಮೆಕ್‌ರೇ ಮುಂದೆ ನಿಲ್ಲಿಸಿದ್ದು ಇದಕ್ಕಾಗಿ. ಆಂಡ್ರೂಸ್‌ನನ್ನು ಕಟ್ಟಿಹಾಕುವುದು, ಚೆಂಡು ಬಂದಾಗ ಮೈಯೊಡ್ಡಿ ಅವನು ಹಾರದಂತೆ ಮಾಡುವುದು ಫ್ರಾಂಪ್ಟನ್ ಪಾಲಿನ ಕೆಲಸ. ಫಾರ್ವರ್ಡ್ ಆಟಗಾರನೊಬ್ಬ ಗೋಲ್ ಹೊಡೆಯದೆಯೂ ಪಂದ್ಯ ಗೆಲ್ಲಿಸಬಹುದು ಎಂಬುದನ್ನು ಒಪ್ಪಿಕೊಳ್ಳದೆ ಈ ಆಟದ ತಂತ್ರವನ್ನು ಮಾತಾಡಲು ಬರುವುದಿಲ್ಲ.

ಎತ್ತರದವರು ಹೀಗೆ ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡಾಗ ಬಯಲು ಸಿಗುವುದು ಗಿಡ್ಡವರಿಗೆ. ಆ ದಿನ ಕಾಲಿಂಗ್‌ವುಡ್‌ನ ಬಾಬಿ ಹಿಲ್‌ಗೆ ಸಿಕ್ಕಿತು. ಅವನ ಪಕ್ಕದಲ್ಲಿದ್ದವನು ಬ್ರಿಸ್ಬೇನ್‌ನ ಒಳ್ಳೆಯ ರಕ್ಷಕರಲ್ಲಿ ಒಬ್ಬನಾದ ಬ್ರ್ಯಾಂಡನ್ ಸ್ಟಾರ್ಸೆವಿಚ್. ಆ ಪಂದ್ಯದ ಒಂದು ಚಿತ್ರವನ್ನು ನೋಡಿಲ್ಲದಿದ್ದರೆ ಹುಡುಕಿ ನೋಡಿ: ಚೆಂಡು ಎತ್ತರದಿಂದ ಇಳಿಯುತ್ತಿದೆ, ಸ್ಟಾರ್ಸೆವಿಚ್ ಅದರ ಕೆಳಗೆ ಸರಿಯಾಗಿಯೇ ನಿಂತಿದ್ದಾನೆ, ಹಿಂದಿನಿಂದ ಹಿಲ್ ಅವನ ಭುಜಗಳಿಗಿಂತ ಮೇಲೆ ಎದ್ದು ಎರಡೂ ಕೈಗಳಲ್ಲಿ ಚೆಂಡನ್ನು ಹಿಡಿಯುತ್ತಾನೆ. ರಕ್ಷಕನದು ತಪ್ಪೇನೂ ಇಲ್ಲ. ಹಿಲ್ ನಾಲ್ಕು ಗೋಲ್ ಹೊಡೆದು, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದ. ನಿಮ್ಮ ಹಾಳೆಯಲ್ಲಿ ಗಿಡ್ಡ ಫಾರ್ವರ್ಡ್‌ಗಳ ಹೆಸರನ್ನು ಕೊನೆಯಲ್ಲಿ, ಅವಸರದಲ್ಲಿ ಬರೆಯಬೇಡಿ.

ಹೆಜ್ಜೆ 5: ಚೆಂಡು ಯಾವ ದಾರಿಯಲ್ಲಿ ಸಾಗುತ್ತದೆ?

ಕೆಲವು ತಂಡಗಳು ಬದಿಯ ಗೆರೆಯ ಗುಂಟ ಸುರಕ್ಷಿತವಾಗಿ ಸಾಗುತ್ತವೆ. ಕೆಲವು ಎದೆಗಾರಿಕೆಯಿಂದ ನಡು ಮೈದಾನವನ್ನೇ ಸೀಳುತ್ತವೆ. ನಡುವೆ ಹೋದರೆ ಗೋಲಿಗೆ ನೇರ ದಾರಿ, ಆದರೆ ಅಲ್ಲಿ ಚೆಂಡು ಕೈತಪ್ಪಿದರೆ ಎದುರಾಳಿಗೂ ಅದೇ ನೇರ ದಾರಿ. 2021ರಲ್ಲಿ ಬಂದ ಸ್ಟ್ಯಾಂಡ್ ನಿಯಮದ ಪ್ರಕಾರ ಮಾರ್ಕ್ ಹಿಡಿದವನ ಎದುರು ನಿಂತವನು ಪಕ್ಕಕ್ಕೆ ಅಲುಗಾಡುವಂತಿಲ್ಲ. ಒದೆಯುವವನಿಗೆ ಇದರಿಂದ ಕೋನಗಳು ತೆರೆದವು, ವೇಗವಾಗಿ ಆಡುವ ತಂಡಗಳಿಗೆ ಅನುಕೂಲವಾಯಿತು. ಮೆಕ್‌ರೇ ಕೈಯಲ್ಲಿ ಕಾಲಿಂಗ್‌ವುಡ್ ಆಡಿದ್ದು ಇಂಥ ವೇಗದ, ಧೈರ್ಯದ ಆಟ.

ಸೋಮವಾರದ ಫಲಿತಾಂಶಗಳನ್ನು ಓದುವಾಗ ಚೆಂಡು ಎಲ್ಲಿ ಕೈಬದಲಾಯಿತು, ಅಲ್ಲಿಂದ ಎಷ್ಟು ಅಂಕ ಬಂತು ಎಂದು ನೋಡುವ ರೂಢಿ ಮಾಡಿಕೊಳ್ಳಿ. ಈಗಿನ ಆಟದಲ್ಲಿ ಅಂಕಗಳ ದೊಡ್ಡ ಪಾಲು ಬರುವುದು ನಡು ಚೌಕದಿಂದಲ್ಲ, ಎದುರಾಳಿಯಿಂದ ಕಸಿದ ಚೆಂಡಿನಿಂದ. ಆದ್ದರಿಂದ ‘ಅವರ ನಡು ಮೈದಾನ ಬಲವಾಗಿದೆ’ ಎಂದಷ್ಟೇ ಹೇಳಿ ನಿಲ್ಲಿಸಬಾರದು. ಚೆಂಡು ಕಳೆದುಕೊಂಡ ಮರುಕ್ಷಣ ಅವರ ಹಿಂದೆ ಎಷ್ಟು ಜನ ಉಳಿದಿರುತ್ತಾರೆ ಎಂದೂ ಕೇಳಬೇಕು.

ಹೆಜ್ಜೆ 6: ಅಂಕಿಅಂಶ ಸ್ವಲ್ಪವೇ ಸಾಕು

ಚೆಂಡು ಮುಟ್ಟಿದ ಸಂಖ್ಯೆಯನ್ನು ವಾದಕ್ಕೆ ತರಬೇಡಿ. ಹಿಂದಿನ ಸಾಲಿನಲ್ಲಿ ತಮ್ಮತಮ್ಮಲ್ಲೇ ಚೆಂಡು ಒದ್ದುಕೊಂಡಿದ್ದರೂ ಆ ಸಂಖ್ಯೆ ಏರುತ್ತದೆ. ಜಗ್ಗಾಟದಲ್ಲಿ ಗೆದ್ದ ಚೆಂಡು, ಗೋಲಿನ 50 ಮೀಟರ್ ಒಳಗೆ ಎಷ್ಟು ಸಲ ಹೋದರು, ಹೋದಾಗ ಎಷ್ಟು ಸಲ ಅಂಕ ಬಂತು, ಈ ಮೂರಿದ್ದರೆ ಮಾತು ಗಟ್ಟಿಯಾಗಿರುತ್ತದೆ.

ಫಲಿತಾಂಶವನ್ನೂ ಪೂರ್ತಿ ಓದಿ. ಆ ಫೈನಲ್‌ನಲ್ಲಿ ಕಾಲಿಂಗ್‌ವುಡ್ 12 ಗೋಲ್, 18 ಬಿಹೈಂಡ್, ಒಟ್ಟು 90. ಬ್ರಿಸ್ಬೇನ್ 13 ಗೋಲ್, 8 ಬಿಹೈಂಡ್, ಒಟ್ಟು 86. ಗೋಲ್ ಹೆಚ್ಚು ಹೊಡೆದ ತಂಡ ಸೋತಿತು. ಆದರೆ ಅಂಕ ಗಳಿಸಿದ ಸಂದರ್ಭಗಳನ್ನು ಎಣಿಸಿದರೆ 30ಕ್ಕೆ 21. ಗೆದ್ದವರು ಹೆಚ್ಚು ಅವಕಾಶ ಸೃಷ್ಟಿಸಿ ಗುರಿ ತಪ್ಪಿದ್ದರು, ಸೋತವರು ಕಡಿಮೆ ಅವಕಾಶದಲ್ಲಿ ನಿಖರವಾಗಿದ್ದರು. ಮುಂದಿನ ಸಲ ಇವರಿಬ್ಬರು ಎದುರಾದಾಗ ನಾಲ್ಕು ಅಂಕಗಳ ಅಂತರಕ್ಕಿಂತ ಈ ಒಂಬತ್ತರ ಅಂತರ ಹೆಚ್ಚು ಹೇಳುತ್ತದೆ.

ಹೆಜ್ಜೆ 7: ಒಬ್ಬ ಬಿದ್ದರೆ ಮುಂದೇನು?

ಫೈನಲ್‌ನ ಮೊದಲ ಕ್ವಾರ್ಟರಿನಲ್ಲೇ ಮರ್ಫಿಗೆ ತಲೆಗೆ ಪೆಟ್ಟಾಗಿ ಅವನು ಹೊರನಡೆದ. ಬದಲಿಯಾಗಿ ಬಂದವನು ನಡು ಮೈದಾನದ ಪ್ಯಾಟ್ರಿಕ್ ಲಿಪಿನ್‌ಸ್ಕಿ. ಎತ್ತರದ ರಕ್ಷಕ ಹೋದ ಜಾಗಕ್ಕೆ ಎತ್ತರದವನು ಬರಲಿಲ್ಲ, ಉಳಿದವರೇ ಹೊಂದಿಸಿಕೊಳ್ಳಬೇಕಾಯಿತು. ನಿಮ್ಮ ಹಾಳೆಯಲ್ಲಿ ಪ್ರತಿ ಮುಖ್ಯ ಜೋಡಿಯ ಪಕ್ಕದಲ್ಲಿ ಎರಡನೆಯ ಹೆಸರೊಂದನ್ನು ಬರೆದಿಡಿ. 2025ರ ಫೈನಲ್‌ನಲ್ಲಿ ಬ್ರಿಸ್ಬೇನ್ ಗಾಯದಿಂದ ಮರಳಿದ್ದ ನೀಲ್‌ನನ್ನೇ ಬದಲಿ ಆಟಗಾರನನ್ನಾಗಿ ಕೂರಿಸಿತ್ತು, ನಡುವೆ ಇಳಿಸಿ ಜೀಲಾಂಗ್ ಮೇಲೆ ದೊಡ್ಡ ಗೆಲುವು ಪಡೆಯಿತು. ಬೆಂಚನ್ನು ಬಿಟ್ಟು ಮಾಡಿದ ಚರ್ಚೆ ಅರ್ಧ ಚರ್ಚೆ. ಬೆಂಚಿನ ನಿಯಮಗಳು ಆಗಾಗ ಬದಲಾಗುವುದರಿಂದ ಹಂಗಾಮಿನ ಆರಂಭದಲ್ಲಿ ಒಮ್ಮೆ ಓದಿಕೊಳ್ಳಿ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ‘ಅವನ ತಲೆಗೆ ಮೊದಲೇ ಪೆಟ್ಟಾಗಿದೆ, ಇನ್ನೊಂದು ಬಿದ್ದರೆ ನಮಗೆ ಲಾಭ’ ಎಂಬ ಮಾತು ಗ್ಯಾಲರಿಯಲ್ಲಿ ಕಿವಿಗೆ ಬೀಳುತ್ತದೆ. ಮರ್ಫಿ 2024ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ತಲೆಯ ಪೆಟ್ಟುಗಳ ಕಾರಣಕ್ಕೆ ಆಟವನ್ನೇ ಬಿಡಬೇಕಾಯಿತು. ತಲೆಯ ಗಾಯ ಯಾವ ತಂತ್ರದ ಭಾಗವೂ ಅಲ್ಲ. ಹಾಗೆಯೇ ಆಟಗಾರನ ಮೈಬಣ್ಣ, ಕುಲ, ಕುಟುಂಬ ಚರ್ಚೆಗೆ ಬರಕೂಡದು. 1993ರಲ್ಲಿ ವಿಕ್ಟೋರಿಯಾ ಪಾರ್ಕ್‌ನಲ್ಲಿ ಪ್ರೇಕ್ಷಕರ ನಿಂದನೆಗೆ ಉತ್ತರವಾಗಿ ನಿಕಿ ವಿನ್ಮಾರ್ ತನ್ನ ಜೆರ್ಸಿ ಎತ್ತಿ ಕಪ್ಪು ಮೈಯನ್ನು ಬೆರಳಿಟ್ಟು ತೋರಿಸಿದ. 2015ರಲ್ಲಿ ಆ್ಯಡಮ್ ಗುಡ್ಸ್ ಮೈದಾನ ಮೈದಾನದಲ್ಲೂ ಹೀಯಾಳಿಕೆ ಕೇಳಿ ಆ ವರ್ಷವೇ ನಿವೃತ್ತನಾದ. ಇಬ್ಬರೂ ಆಸ್ಟ್ರೇಲಿಯದ ಮೂಲನಿವಾಸಿಗಳು. ವಲಸೆ ಬಂದ ನಾವು ಆ ಗ್ಯಾಲರಿಗಳಲ್ಲಿ ಕೂರುವಾಗ ಈ ಇತಿಹಾಸ ತಿಳಿದಿರಬೇಕು, ಯಾರಾದರೂ ಬಾಯಿ ಸಡಿಲ ಬಿಟ್ಟರೆ ಅಲ್ಲೇ ತಡೆಯಬೇಕು.

ಹೆಜ್ಜೆ 8: ಪರೀಕ್ಷಿಸಬಹುದಾದ ಮಾತು ಹೇಳಿ

‘ನಮ್ಮ ಹುಡುಗರು ಹಸಿದಿದ್ದಾರೆ’ ಎಂಬುದನ್ನು ಯಾರೂ ಪರೀಕ್ಷಿಸಲಾರರು. ‘ಆಂಡ್ರೂಸ್ ಮೊದಲ ಕ್ವಾರ್ಟರಿನಲ್ಲಿ ಎರಡಕ್ಕಿಂತ ಹೆಚ್ಚು ಸಲ ನಮ್ಮ ಚೆಂಡನ್ನು ಹಿಡಿದರೆ ಈ ಯೋಜನೆ ಕೆಟ್ಟಿತು ಎಂದರ್ಥ’ ಎಂಬುದನ್ನು ಪರೀಕ್ಷಿಸಬಹುದು. ಹೀಗೆ ಮೂರು ಮಾತುಗಳನ್ನು ಪಂದ್ಯಕ್ಕೆ ಮುನ್ನ ಸ್ನೇಹಿತರಿಗೆ ಕಳಿಸಿಡಿ, ಅವರಿಂದಲೂ ಪಡೆಯಿರಿ. ಎದುರಾಳಿ ತಂಡದ ಅಭಿಮಾನಿಯೊಬ್ಬರು ಗುಂಪಿನಲ್ಲಿದ್ದರೆ ಇನ್ನೂ ಒಳ್ಳೆಯದು. ತಮ್ಮ ರಕ್ಷಕರಲ್ಲಿ ಯಾರಿಗೆ ಎಡಗಾಲು ದುರ್ಬಲ, ಯಾರು ಕೊನೆಯ ಕ್ವಾರ್ಟರಿನಲ್ಲಿ ದಣಿಯುತ್ತಾರೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ನಯವಾಗಿ ಕೇಳಿದರೆ ಹೇಳುತ್ತಾರೆ ಕೂಡ.

ಪಂದ್ಯ ಶುರುವಾದ ಮೇಲೆ ಮೊದಲ ಐದು ನಿಮಿಷ ಚೆಂಡನ್ನು ನೋಡಬೇಡಿ. ಕಷ್ಟ, ಆದರೂ ಪ್ರಯತ್ನಿಸಿ. ಮೈದಾನಕ್ಕೆ ಹೋದವರಿಗೆ ಇದು ಸಾಧ್ಯ, ಟಿವಿ ಎದುರು ಕೂತವರಿಗೆ ಪೂರ್ತಿ ಸಾಧ್ಯವಿಲ್ಲ. ಅದಕ್ಕೇ ಗೋಲಿನ ಹಿಂದಿನ ಎತ್ತರದ ಆಸನವನ್ನು ಬದಿಯ ದುಬಾರಿ ಆಸನಕ್ಕಿಂತ ಮೇಲೆಂದು ನಾನು ಹೇಳುತ್ತೇನೆ. ಅಲ್ಲಿಂದ ಇಡೀ ಮೈದಾನದ ಜೋಡಿಗಳು ಕಾಣುತ್ತವೆ. ಯಾರು ಯಾರ ಕಡೆಗೆ ನಡೆದುಹೋಗಿ ಕೈಕುಲುಕಿದರು ಅಥವಾ ಭುಜಕ್ಕೆ ಭುಜ ತಾಗಿಸಿದರು ಎಂದು ಗುರುತು ಹಾಕಿಕೊಳ್ಳಿ. ಮೊದಲ ಕ್ವಾರ್ಟರ್ ಮುಗಿದಾಗ ಕೋಚ್ ಮೈದಾನಕ್ಕಿಳಿದು ತಂಡದ ನಡುವೆ ನಿಲ್ಲುತ್ತಾರೆ. ಎರಡನೆಯ ಕ್ವಾರ್ಟರಿಗೆ ಆಟಗಾರರು ಚದುರುವಾಗ ಮತ್ತೆ ನೋಡಿ, ನಿಮ್ಮ ಹಾಳೆಯ ಯಾವ ಗೆರೆ ಬದಲಾಗಿದೆ ಎಂದು.